ಮಗಳ ದಾಹ ಬರೀ ಸೆಕೆಯದ್ದೇ?

ಇಪ್ಪತ್ತರ ಆಸುಪಾಸಿನ ಮಗಳು ಮತ್ತೆ ಮತ್ತೆ ನೀರು ಕುಡಿಯುತ್ತಾಳೆ, ಪದೇ ಪದೇ ಮೂತ್ರಕ್ಕೆ ಹೋಗುತ್ತಾಳೆ, ಮಲಬದ್ಧತೆ, ವಾಕರಿಕೆ, ಸುಸ್ತು ಎನ್ನುತ್ತಾಳೆ. ಸಕ್ಕರೆ ಕಾಯಿಲೆಯಿಲ್ಲವೆಂದು ಗೊತ್ತಾದೊಡನೆ ಸುಮ್ಮನಾಗಬೇಡಿ. ಶಕ್ತಿಗೆಂದು ಕ್ಯಾಲ್ಸಿಯಂ ಮಾತ್ರೆಯನ್ನಂತೂ ನೀವಾಗಿಯೇ ಕೊಡಬೇಡಿ. ಮೊದಲು ರಕ್ತದ ಕ್ಯಾಲ್ಸಿಯಂ ಪರೀಕ್ಷಿಸಿ. ಸಾಮಾನ್ಯವಾಗಿ ಅದು ಡೆಸಿಲೀಟರಿಗೆ 8.5ರಿಂದ 10.5 ಮಿಲಿಗ್ರಾಂ ಇರುತ್ತದೆ.

ಹೆಚ್ಚಿದ್ದರೆ ಪಿಟಿಎಚ್ ಹಾರ್ಮೋನನ್ನೂ ನೋಡಬೇಕು. ಅದೂ ಏರಿದ್ದರೆ ದೋಷ ಸಾಮಾನ್ಯವಾಗಿ ಕುತ್ತಿಗೆಯ ಪ್ಯಾರಾಥೈರಾಯ್ಡ್ ಗ್ರಂಥಿಯದ್ದು. ತಗ್ಗಿದ್ದರೆ ಕಾರಣವನ್ನು ಬೇರೆಡೆ ಹುಡುಕಬೇಕು. ಹೊಟ್ಟೆಯ ಸ್ಕ್ಯಾನಿಂಗ್ ತಪ್ಪಿಸಬಾರದು. ಏಕೆಂದರೆ ಹರೆಯದವರ ಅಂಡಾಶಯದಲ್ಲಿ ಬರುವ ಸ್ಮಾಲ್ ಸೆಲ್ ಕಾರ್ಸಿನೋಮ ಎಂಬ ಕ್ಯಾನ್ಸರ್ ಇದೆ. ಬಹಳ ಅಪರೂಪ, ಆದರೆ ಬಲುಬೇಗ ಬೆಳೆಯುತ್ತದೆ. ಅದು ಬಂದ ಮೂವರಲ್ಲಿ ಸುಮಾರು ಇಬ್ಬರಿಗೆ ಕ್ಯಾಲ್ಸಿಯಂ ಏರಿರುತ್ತದೆ. ಗಡ್ಡೆ ತೆಗೆದ ಮೇಲೆ ಇಳಿಯುತ್ತದೆ.

ನಮ್ಮಲ್ಲಿನ ತೊಡಕು ಬೇರೆಯೇ. ‘ಮದುವೆಯಾಗದ ಹುಡುಗಿ ಸ್ತ್ರೀರೋಗ ತಜ್ಞರ ಬಳಿ ಹೋದರೆ ಜನ ಏನೆಂದಾರು, ಬಂದ ಸಂಬಂಧ ತಪ್ಪೀತು’ ಎಂದು ತಾಯಂದಿರೇ ಮುಚ್ಚಿಡುತ್ತಾರೆ. ಇದನ್ನು ನಾನು ಒಪ್ಪಲಾರೆ. ಈ ಸ್ಕ್ಯಾನಿಂಗನ್ನು ಹೊಟ್ಟೆಯ ಮೇಲಿನಿಂದಲೇ ಮಾಡಬಹುದು. ವೈದ್ಯೆಯೇ ಬೇಕೆಂದು ಕೇಳಿ. ಸಿಗದಿದ್ದರೆ ದಿನ ಕಳೆಯಬೇಡಿ. ಅನಿವಾರ್ಯವಾದಾಗ ಪುರುಷ ವೈದ್ಯರಿಗೆ ತೋರಿಸಲು ಶರೀಅತ್‌ನಲ್ಲಿ ಅವಕಾಶವಿದೆ.