ನಿಲ್ಲಬೇಕಾದಲ್ಲಿ ನಿಲ್ಲುವ ಕಿರಣ

ಆಡುಮಾತಿನಲ್ಲಿ ಲಿವರ್, ಪಾಠದ ಪುಸ್ತಕದಲ್ಲಿ ಯಕೃತ್ತು. ದೇಹದ ಅಂಗಗಳಲ್ಲಿ ಇದರಷ್ಟು ಸೈರಣೆಯುಳ್ಳದ್ದು ಇನ್ನೊಂದಿಲ್ಲ. ಆರೋಗ್ಯವಂತ ಯಕೃತ್ತಿನ ಮೂರರಲ್ಲಿ ಎರಡು ಪಾಲನ್ನು ಕತ್ತರಿಸಿ ತೆಗೆದರೂ ಉಳಿದದ್ದು ಮತ್ತೆ ಬೆಳೆದುಕೊಳ್ಳುತ್ತದೆ. ಆದರೆ ಕ್ಯಾನ್ಸರ್ ಸಾಮಾನ್ಯವಾಗಿ ಇಂಥ ಯಕೃತ್ತಿಗೆ ಬರುವುದಿಲ್ಲ. ಹೆಪಟೈಟಿಸ್ ಬಿ, ಸಿ ವೈರಸ್ಸುಗಳಿಂದಲೋ ಮದ್ಯದಿಂದಲೋ ಕೊಬ್ಬಿನಿಂದಲೋ ವರ್ಷಗಟ್ಟಲೆ ನವೆದು, ಗಂಟುಗಂಟಾಗಿ ಗಟ್ಟಿಯಾದ ಯಕೃತ್ತಿನಲ್ಲೇ ಅದು ಹೆಚ್ಚಾಗಿ ಹುಟ್ಟುತ್ತದೆ. ವೈದ್ಯರ ಮುಂದೆ ಒಂದೇ ಅಂಗದಲ್ಲಿ ಎರಡು ಕಾಯಿಲೆ. ಗೆಡ್ಡೆಯನ್ನು ಸುಡಬೇಕು, ಅಳಿದುಳಿದ ಒಳ್ಳೆಯ ಭಾಗಕ್ಕೆ ಬಿಸಿಯೂ ತಾಗಬಾರದು.

ಹಳೆಯ ವಿಕಿರಣ ಚಿಕಿತ್ಸೆ ಸೋತದ್ದು ಇಲ್ಲಿಯೇ. ಇಡೀ ಯಕೃತ್ತು ತಾಳಿಕೊಳ್ಳಬಲ್ಲ ವಿಕಿರಣ ಸುಮಾರು 30 ಗ್ರೇ (ಗ್ರೇ ಎಂಬುದು ವಿಕಿರಣದ ಅಳತೆ). ಗೆಡ್ಡೆಯನ್ನು ಕೊಲ್ಲಲು ಅಷ್ಟು ಸಾಲದು. ಎಕ್ಸ್-ರೇ ಎಂಬುದು ಸೋರುವ ನೀರಿನ ಟ್ಯಾಂಕರ್ ಇದ್ದಂತೆ. ಊರು ಮುಟ್ಟುವ ಮೊದಲೂ ದಾರಿಯುದ್ದಕ್ಕೂ ಸುರಿಸುತ್ತದೆ, ಊರು ದಾಟಿದ ಮೇಲೂ ಸುರಿಸುತ್ತಲೇ ಹೋಗುತ್ತದೆ.

ಪ್ರೋಟಾನ್ ಎಂಬ ಕಣದ ನಡತೆ ಬೇರೆ. ಅದರಂಥ ವಿದ್ಯುದಾವೇಶವುಳ್ಳ ಕಣಗಳು ವಸ್ತುವಿನೊಳಗೆ ಗೊತ್ತಾದಷ್ಟು ದೂರ ಓಡಿ, ವೇಗ ಕುಂದಿ ನಿಲ್ಲುವ ಹೊತ್ತಿಗೆ ತಮ್ಮ ಶಕ್ತಿಯ ದೊಡ್ಡ ಪಾಲನ್ನು ಒಮ್ಮೆಲೇ ಸುರಿದುಬಿಡುತ್ತವೆ. ಆಸ್ಟ್ರೇಲಿಯದ ಅಡಿಲೇಡ್‌ನಲ್ಲಿ ವಿಲಿಯಂ ಹೆನ್ರಿ ಬ್ರಾಗ್ 1903–04ರ ಸುಮಾರಿಗೆ ಆಲ್ಫಾ ಕಣಗಳಲ್ಲಿ ಇದನ್ನು ಕಂಡರು. ಎಷ್ಟು ವೇಗ ಕೊಟ್ಟರೆ ಎಷ್ಟು ಆಳದಲ್ಲಿ ನಿಲ್ಲುತ್ತದೆ ಎಂಬುದನ್ನು ಮೊದಲೇ ಲೆಕ್ಕ ಹಾಕಬಹುದು. ಪ್ರೋಟಾನು ನಿಂತ ಜಾಗದಿಂದಾಚೆಗೆ ವಿಕಿರಣ ಹೆಚ್ಚುಕಡಿಮೆ ಸೊನ್ನೆ. ಇದನ್ನು ಚಿಕಿತ್ಸೆಗೆ ಬಳಸಬಹುದೆಂದು 1946ರಲ್ಲಿ ಬರೆದವರು ರಾಬರ್ಟ್ ವಿಲ್ಸನ್. ಅಮೆರಿಕದ ಅಣುಬಾಂಬ್ ಯೋಜನೆಯಲ್ಲಿ ದುಡಿದು ಹೊರಬಂದ ಭೌತವಿಜ್ಞಾನಿ ಆತ. ಹಿರೋಶಿಮಾದ ಮರುವರ್ಷವೇ ಅದೇ ಕೈ ಈ ಪ್ರಬಂಧ ಬರೆಯಿತು ಎಂಬುದು ನನ್ನನ್ನು ಪ್ರತಿ ಸಲವೂ ಕಲಕುತ್ತದೆ. 1954ರಲ್ಲಿ ಬರ್ಕ್ಲಿಯಲ್ಲಿ ಮೊದಲ ರೋಗಿಗೆ ಪ್ರೋಟಾನ್ ಚಿಕಿತ್ಸೆ ಸಿಕ್ಕಿತು.

ಯಕೃತ್ತಿನ ಮಟ್ಟಿಗೆ ಈ ವಿದ್ಯೆಯನ್ನು ಪಳಗಿಸಿದವರು ಮುಖ್ಯವಾಗಿ ಜಪಾನೀಯರು. ಹೆಪಟೈಟಿಸ್ ಸಿ ಹರಡಿ ಯಕೃತ್ತಿನ ಕ್ಯಾನ್ಸರ್ ಅಲ್ಲಿ ದೊಡ್ಡ ಪಿಡುಗಾಗಿತ್ತು. ಭೌತವಿಜ್ಞಾನದ ಸಂಶೋಧನೆಗೆಂದು ಕಟ್ಟಿದ್ದ ವೇಗವರ್ಧಕದ ಪ್ರೋಟಾನುಗಳನ್ನೇ ತ್ಸುಕುಬಾ ವಿಶ್ವವಿದ್ಯಾಲಯ 1983ರಲ್ಲಿ ಚಿಕಿತ್ಸೆಗೆ ತಿರುಗಿಸಿಕೊಂಡಿತು. 1994ರಲ್ಲಿ ಚಿಬಾ ನಗರದಲ್ಲಿ ಕಾರ್ಬನ್ ಅಯಾನು ಚಿಕಿತ್ಸೆ ಶುರುವಾಯಿತು. ಕಾರ್ಬನ್ ಪ್ರೋಟಾನಿಗಿಂತ ಹನ್ನೆರಡು ಪಟ್ಟು ಭಾರ. ಅಷ್ಟೇ ವಿಕಿರಣಕ್ಕೆ ಅದು ಮಾಡುವ ಪೆಟ್ಟು ಎಕ್ಸ್-ರೇಗಿಂತ ಎರಡು ಮೂರು ಪಟ್ಟು. ಅದಕ್ಕೆ ಬೇಕಾದ ಯಂತ್ರವೋ, ಫುಟ್‌ಬಾಲ್ ಮೈದಾನದಷ್ಟು ದೊಡ್ಡ ಕಟ್ಟಡ ಬೇಡುವಂಥದ್ದು.

ಇನ್ನೊಂದು ತೊಡಕು ಉಸಿರು. ಉಸಿರೆಳೆದಾಗ ವಪೆ ಕೆಳಗಿಳಿಯುತ್ತದೆ, ಜೊತೆಗೆ ಯಕೃತ್ತೂ ಒಂದೆರಡು ಸೆಂಟಿಮೀಟರ್ ಸರಿಯುತ್ತದೆ. ತೂಗುವ ತೊಟ್ಟಿಲಿನ ಕೂಸಿಗೆ ಕಾಡಿಗೆಯ ಬೊಟ್ಟು ಇಡುವ ಅಜ್ಜಿಯನ್ನು ನೆನೆಯಿರಿ. ತೊಟ್ಟಿಲು ಹೊಯ್ದಾಟದ ತುದಿಯಲ್ಲಿ ನಿಂತಂತಾಗುವ ಕ್ಷಣಕ್ಕೆ ಆಕೆ ಕಾಯುತ್ತಾಳೆ. ಯಂತ್ರವೂ ಹಾಗೆಯೇ ಉಸಿರು ಬಿಟ್ಟು ಮುಗಿದ ಗಳಿಗೆಯಲ್ಲಿ ಮಾತ್ರ ಕಿರಣ ಬಿಡುತ್ತದೆ. ಗೆಡ್ಡೆಯ ಜಾಡು ತಿಳಿಯಲೆಂದು ಪಕ್ಕದಲ್ಲಿ ಚಿನ್ನದ ಸಣ್ಣ ಚೂರು ಹುದುಗಿಸುವುದೂ ಉಂಟು.

ಇಷ್ಟಾದ ಮೇಲೂ ಇದು ಎಲ್ಲರಿಗೂ ಬೇಕಾದ ಚಿಕಿತ್ಸೆಯಲ್ಲ. ದಕ್ಷಿಣ ಕೊರಿಯದ ರಾಷ್ಟ್ರೀಯ ಕ್ಯಾನ್ಸರ್ ಕೇಂದ್ರ ಮರುಕಳಿಸಿದ ಸಣ್ಣ ಗೆಡ್ಡೆಗಳ 144 ರೋಗಿಗಳಲ್ಲಿ ಪ್ರೋಟಾನನ್ನು, ಸೂಜಿ ತೂರಿಸಿ ಗೆಡ್ಡೆ ಸುಡುವ ವಿಧಾನದೊಂದಿಗೆ ಹೋಲಿಸಿ 2021ರಲ್ಲಿ ಫಲಿತಾಂಶ ಪ್ರಕಟಿಸಿತು. ಪ್ರೋಟಾನು ಸೂಜಿಗೆ ಕಡಿಮೆಯಿಲ್ಲ ಎಂಬುದು ಅದರ ತೀರ್ಮಾನ. ಹಾಗಿದ್ದಮೇಲೆ ಎರಡು ಸೆಂಟಿಮೀಟರಿನ ಗೆಡ್ಡೆಗೆ ಸೂಜಿ ತಲುಪುವಂತಿದ್ದರೆ ಕೋಟಿಗಟ್ಟಲೆ ಬೆಲೆಯ ಯಂತ್ರವನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಗೆಡ್ಡೆ ದೊಡ್ಡದಿದ್ದು, ಶಸ್ತ್ರಚಿಕಿತ್ಸೆ ಆಗದು ಎಂದಾದಾಗ ಈ ಕಿರಣದ ನಿಜವಾದ ಬೆಲೆ ತಿಳಿಯುತ್ತದೆ. ಗೆಡ್ಡೆ ಕರುಳಿಗೆ ಅಂಟಿಕೊಂಡಿದ್ದರೆ ಅಪಾಯ. ಯಕೃತ್ತು ಪೂರ್ತಿ ಸೋತಿದ್ದರೆ ಯಾವ ಕಿರಣವೂ ಅದನ್ನು ಎತ್ತಿ ನಿಲ್ಲಿಸದು.

ಜಪಾನಿನ ಒಂದು ನಡೆ ನನಗೆ ಬಹಳ ಹಿಡಿಸಿತು. ರೋಗಿಗಳೇ ಸುಮಾರು 30 ಲಕ್ಷ ಯೆನ್ ತೆರಬೇಕಿದ್ದ ಚಿಕಿತ್ಸೆ ಅದು. 2016ರಿಂದ ದೇಶದ ಎಲ್ಲ ಕೇಂದ್ರಗಳ ರೋಗಿಗಳ ವಿವರವನ್ನು ಒಂದೇ ಕಡೆ ದಾಖಲಿಸಿ ನೋಡಿದರು. 2022ರ ಏಪ್ರಿಲ್‌ನಲ್ಲಿ, ಶಸ್ತ್ರಚಿಕಿತ್ಸೆ ಸಾಧ್ಯವಿಲ್ಲದ, 4 ಸೆಂಟಿಮೀಟರ್ ಅಥವಾ ಅದಕ್ಕಿಂತ ದೊಡ್ಡ ಗೆಡ್ಡೆಗಳಿಗೆ ಸಾರ್ವಜನಿಕ ವಿಮೆಯ ರಕ್ಷಣೆ ಕೊಟ್ಟರು. ಯಾರಿಗೆ ಬೇಕು ಎಂಬುದನ್ನು ಅಳೆದು ಕೊಟ್ಟರು. ನಮ್ಮಲ್ಲಿ ಚೆನ್ನೈನ ಖಾಸಗಿ ಕೇಂದ್ರ 2019ರಲ್ಲಿ ಪ್ರೋಟಾನ್ ಚಿಕಿತ್ಸೆ ತಂದಿತು. ಬಳಿಕ ನವಿ ಮುಂಬೈಯ ಖಾರ್ಘರ್‌ನಲ್ಲಿ ಟಾಟಾ ಸ್ಮಾರಕ ಸಂಸ್ಥೆಯೂ ಆರಂಭಿಸಿತು. ಇಲ್ಲಿಯೂ ಇಂಥದೇ ಲೆಕ್ಕ ಇಟ್ಟು, ಬೇಕಾದವರಿಗೆ ವಿಮೆಯಲ್ಲಿ ಸಿಗುವಂತೆ ಮಾಡಬೇಕು.

ಈ ಕಿರಣ ಉಳಿಸುವುದು ಉಳಿದಿರುವ ಯಕೃತ್ತನ್ನು. ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ನಿಮ್ಮ ಮನೆಯಲ್ಲಿ ಯಾರಿಗಾದರೂ ಯಕೃತ್ತು ಗಟ್ಟಿಯಾಗಿದೆ ಎಂದು ವೈದ್ಯರು ಹೇಳಿದ್ದರೆ, ಅಥವಾ ಹೆಪಟೈಟಿಸ್ ಬಿ ಮೈಯಲ್ಲೇ ಉಳಿದಿದೆ ಎಂದಿದ್ದರೆ, ಆರು ತಿಂಗಳಿಗೊಮ್ಮೆ ಹೊಟ್ಟೆಯ ಸ್ಕ್ಯಾನಿಂಗ್ ಬೇಕೇ ಎಂದು ಅವರನ್ನು ಕೇಳಿ. ನೋವಿಲ್ಲ ಎಂದು ಮುಂದೂಡಬೇಡಿ. ಯಕೃತ್ತು ಕೊನೆಯವರೆಗೂ ನೋವನ್ನು ತೋರಿಸಿಕೊಳ್ಳದೇ ಇರಬಹುದು.