ಮಠದ ಪುಸ್ತಕಗಳೂ ಹೊಲದ ಸಹೋದರರೂ

ಫ್ರಾನ್ಸ್ ದೇಶದ ಬರ್ಗಂಡಿ ಪ್ರಾಂತವು ಕಾಡುಗಳಿಗೂ ದ್ರಾಕ್ಷಿತೋಟಗಳಿಗೂ ಹೆಸರಾದ ಹಳ್ಳಿಗಾಡು. ಕಥೋಲಿಕ ಸಂನ್ಯಾಸಿಮಠಗಳ ಚರಿತ್ರೆಯಲ್ಲಿ ಅದರ ಸ್ಥಾನವು ಬಹು ದೊಡ್ಡದು. ಕ್ಲೂನಿಯ ಮಠವು 910ರಲ್ಲಿ ಅಲ್ಲಿಯೇ ಸ್ಥಾಪಿತವಾಯಿತು. ಸಂತ ಬೆನೆಡಿಕ್ಟನ ನಿಯಮವನ್ನು ಚಾಚೂ ತಪ್ಪದೆ ನಡೆಸಬೇಕೆಂದು ಹೊರಟವರು 1098ರಲ್ಲಿ ಸೀತೋ ಎಂಬಲ್ಲಿ ಇನ್ನೊಂದನ್ನು ಕಟ್ಟಿದರು. ಈ ಮಠಗಳು ಬೀಳುಭೂಮಿಯನ್ನು ಹಸನುಮಾಡಿದುವೆಂದೂ, ಗ್ರಂಥಗಳನ್ನು ಪ್ರತಿಮಾಡಿ ವಿದ್ಯೆಯನ್ನು ಕಾಪಾಡಿದುವೆಂದೂ ನಾವು ಇಷ್ಟು ವರ್ಷ ತರಗತಿಯಲ್ಲಿ ಹೇಳುತ್ತ ಬಂದೆವು. ಅದು ಸುಳ್ಳಲ್ಲ, ಆದರೆ ಅರ್ಧ ಮಾತ್ರವೇ ಎಂದು ಈಗ ನಮಗೆ ತೋರುತ್ತದೆ.

ಬೆನೆಡಿಕ್ಟನು ಆರನೆಯ ಶತಮಾನದಲ್ಲಿ ಬರೆದ ಆ ನಿಯಮದಲ್ಲಿ ಕೈಗೆಲಸಕ್ಕೂ ಓದಿಗೂ ಹೊತ್ತನ್ನು ಗೊತ್ತುಮಾಡಿದೆ. ತಪಸ್ಸುಕಾಲದಲ್ಲಿ ಪ್ರತಿಯೊಬ್ಬ ಸಂನ್ಯಾಸಿಗೂ ಒಂದೊಂದು ಪುಸ್ತಕವನ್ನು ಕೊಡತಕ್ಕದ್ದು. ಅವನು ಅದನ್ನು ಮೊದಲಿನಿಂದ ಕೊನೆಯ ವರೆಗೆ ಓದತಕ್ಕದ್ದು. ಪಾಠ ಹೇಳುವವರಾದ ನಮಗೆ ಇದಕ್ಕಿಂತ ಮೆಚ್ಚಿನ ಏರ್ಪಾಡು ಬೇರೊಂದಿಲ್ಲ. (ನಮ್ಮ ಪುಸ್ತಕಭಂಡಾರದಿಂದ ಒಯ್ದುದನ್ನು ಇನ್ನೂ ಹಿಂದಿರುಗಿಸದ ಪೂರ್ವವಿದ್ಯಾರ್ಥಿನಿಯರು ಕೊನೆಯ ವರೆಗೆ ಓದಿರುವರೆಂದು ನಂಬುತ್ತೇವೆ.)

ಸೀತೋ ಪರಂಪರೆಗೆ ಹನ್ನೆರಡನೆಯ ಶತಮಾನದಲ್ಲಿ ಭೂಮಿಕಾಣಿ ಹೆಚ್ಚಿತು. ದಿನಕ್ಕೆ ಹಲವು ಬಾರಿ ಪ್ರಾರ್ಥನೆಗೆ ಕೂಡಬೇಕಾದ ಸಂನ್ಯಾಸಿಗಳಿಂದ ದೂರದ ಹೊಲಗಳ ಬೇಸಾಯ ಸಾಗದು. ಆದುದರಿಂದ ಶ್ರಮಕ್ಕೆಂದೇ ಬೇರೊಂದು ವರ್ಗದ ಸಹೋದರರನ್ನು ಸೇರಿಸಿಕೊಂಡರು. ವ್ರತ ತೊಟ್ಟ ಇವರು ದೂರದ ಒಕ್ಕಲುಮನೆಗಳಲ್ಲಿದ್ದು ಉತ್ತರು, ಕುರಿ ಕಾಯ್ದರು, ಬೆಳೆ ಕೊಯ್ದರು. ಇವರಿಗೆ ವಿಧಿಸಿದ ಕಟ್ಟಳೆ ಹೀಗಿತ್ತು: ಇವರ ಬಳಿ ಪುಸ್ತಕವಿರಕೂಡದು, ಕೆಲವು ಪ್ರಾರ್ಥನೆಗಳ ಹೊರತು ಏನನ್ನೂ ಕಲಿಯಕೂಡದು, ಅವನ್ನೂ ಬಾಯಿಪಾಠವಾಗಿಯೇ ಕಲಿಯಬೇಕು.

ಆ ಕಾಲದ ರೈತನಿಗೆ ಹೇಗೂ ಓದು ಬರುತ್ತಿರಲಿಲ್ಲವಷ್ಟೆ ಎಂದು ಕೆಲವರು ಹೇಳಬಹುದು. ನಿಜ. ಆದರೆ ಬಾರದಿರುವುದು ಬೇರೆ, ಕೂಡದೆನ್ನುವುದು ಬೇರೆ. 1111ರಲ್ಲಿ ಸೀತೋದಲ್ಲಿ ಬರೆದು ಮುಗಿಸಿದ ಗ್ರಂಥವೊಂದು ಈಗ ದಿಜೋನ್ ನಗರದ ಪುಸ್ತಕಾಲಯದಲ್ಲಿದೆ. ಅದರ ಚಿತ್ರಾಕ್ಷರಗಳೊಳಗೆ ಮರ ಕಡಿಯುವವರೂ ಪೈರು ಕೊಯ್ಯುವವರೂ ಇದ್ದಾರೆ. ಶ್ರಮವು ಅಕ್ಷರಕ್ಕೆ ಅಲಂಕಾರವಾಯಿತು. ಶ್ರಮಿಕನಿಗೆ ಅಕ್ಷರ ದೊರೆಯಲಿಲ್ಲ.

ಫ್ರಾನ್ಸಿನ ಕ್ರಾಂತಿಯ ಕಾಲದಲ್ಲಿ, 1790ರ ಆಜ್ಞೆಯಿಂದ ಈ ಮಠಗಳು ಮುಚ್ಚಿದವು. ಸೀತೋಗೆ ಸಂನ್ಯಾಸಿಗಳು ಮರಳಿ ಬಂದುದು 1898ರಲ್ಲಿ. ಅವರ ಪಂಗಡದಲ್ಲಿ ಈ ಎರಡು ವರ್ಗಗಳನ್ನು ಒಂದುಗೂಡಿಸಿದುದು 1965ರಲ್ಲಿ.

ಎಂಟುನೂರು ವರ್ಷಗಳ ಈ ತಡವನ್ನು ಕುರಿತು ಆಕ್ಷೇಪಿಸುವ ಮೊದಲು ನಮ್ಮ ಮನೆಗಳ ಕಡೆಗೂ ನೋಡಬೇಕಾಗಿದೆ. ಪೂರ್ವವಿದ್ಯಾರ್ಥಿನಿಯರ ಮನೆಗಳಿಗೆ ಹೋದಾಗ ಬೀರುವಿನ ತುಂಬ ಪುಸ್ತಕಗಳನ್ನು ಕಂಡು ನಾವು ಹಿಗ್ಗುತ್ತೇವೆ. ಕಾಫಿ ತಂದಿಡುವ ಹುಡುಗಿ ಯಾವ ತರಗತಿಯಲ್ಲಿ ಓದುವಳೆಂದು ಕೇಳಿದರೆ ಮಾತ್ರ ಉತ್ತರವು ತಡವಾಗುತ್ತದೆ. ಇದನ್ನು ಹೇಳಲು ನಮಗೂ ಸಂಕೋಚವಿದೆ. ನಮ್ಮ ಶಾಲೆಯ ಕೋಣೆಗಳನ್ನು ಬಹಳ ವರ್ಷ ಗುಡಿಸಿದ ಹೆಂಗಸೊಬ್ಬಳು ಪ್ರತಿ ತಿಂಗಳೂ ಸಂಬಳದ ಪುಸ್ತಕದಲ್ಲಿ ಹೆಬ್ಬೆರಳನ್ನು ಒತ್ತುತ್ತಿದ್ದಳು. ಆ ಪುಸ್ತಕವನ್ನು ಆಕೆಯ ಮುಂದೆ ತೆರೆದಿಡುತ್ತಿದ್ದವರು ನಾವೇ. ಆಕೆಯು ಓದಕೂಡದೆಂಬ ಕಟ್ಟಳೆ ನಮ್ಮಲ್ಲಿ ಎಲ್ಲಿಯೂ ಇರಲಿಲ್ಲ.