ಇರೋ ಮನೆಗೆ ಕಂದಾಯ ಬೇಡವಂತೆ!

ವಡೋದರಾದಲ್ಲಿ ನೆಲೆಸಿ ಮೂವತ್ತು ವರ್ಷವಾದ ನಮ್ಮ ಭಾವ ಫೋನ್ ಮಾಡಿದರೆ ಮೊದಲು ವಿಶ್ವಾಮಿತ್ರಿ ನದಿಯ ವಿಚಾರ, ಆಮೇಲೆ ಉಳಿದದ್ದು. 2024ರ ಆಗಸ್ಟ್ ಕೊನೆಯಲ್ಲಿ ಆ ನದಿ ಊರೊಳಕ್ಕೆ ನುಗ್ಗಿ ಮೊಸಳೆಗಳು ಬೀದಿಗೆ ಬಂದಾಗ ಅವರ ಸ್ಕೂಟರ್ ಎರಡು ದಿನ ನೀರಿನಲ್ಲಿ ಮುಳುಗಿತ್ತು. ಅಂದಿನಿಂದ ಅವರ ಬೇಡಿಕೆಗಳ ಪಟ್ಟಿ ಬೆಳೆಯುತ್ತಲೇ ಇದೆ. ನದಿಯ ಹೂಳೆತ್ತಬೇಕು, ಮಳೆನೀರಿನ ಕಾಲುವೆ ಅಗಲವಾಗಬೇಕು, ಪಂಪುಗಳು ಹೆಚ್ಚಬೇಕು. ಮೊನ್ನೆ ಆ ಪಟ್ಟಿಗೆ ಇನ್ನೊಂದು ಸೇರಿತು.

“ನೋಡಪ್ಪಾ, ಅಂಗಡಿಗೆ ಹಾಕಲಿ, ಬಾಡಿಗೆಗೆ ಬಿಟ್ಟ ಮನೆಗೆ ಹಾಕಲಿ. ನಾನು, ನಿಮ್ಮಕ್ಕ ಇರೋ ಮನೆಗೂ ಯಾಕೆ ವೇರೋ ಕಟ್ಟಬೇಕು? ಈ ಮನೆಯೇನು ನನಗೆ ತಿಂಗಳಿಗೆ ಸಂಬಳ ಕೊಡುತ್ತಾ?”

ವೇರೋ ಅಂದರೆ ಗುಜರಾತಿಯಲ್ಲಿ ಕಂದಾಯ. “ಹಾಗಾದರೆ ಕಾಲುವೆ ಯಾರ ದುಡ್ಡಲ್ಲಿ ತೋಡಿಸೋದು ಭಾವ?” ಅಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. “ಅದಕ್ಕೆ ಸರ್ಕಾರ ಇದೆಯಲ್ಲ” ಅಂದರು.

ಇದು ಭಾವ ಒಬ್ಬರ ಮಾತಲ್ಲ. ಪಾಲಿಕೆ ಚುನಾವಣೆ ಹತ್ತಿರ ಬಂದಾಗ ಒಂದಲ್ಲ ಒಂದು ಊರಿನಲ್ಲಿ ಸ್ವಂತ ವಾಸದ ಮನೆಗೆ ಕಂದಾಯ ಮಾಫಿ ಬೇಕೆಂಬ ಬೇಡಿಕೆ ಏಳುತ್ತದೆ. ತಾನಿರುವ ಮನೆ ಸಂಪಾದನೆಯಲ್ಲ, ಆಸರೆ. ಆಸರೆಗೆ ತೆರಿಗೆ ಹಾಕುವುದು ಅನ್ಯಾಯ ಎಂಬ ವಾದ ಕೇಳಲು ಹಿತವಾಗಿದೆ. ಸ್ವಂತ ಮನೆಯೆಂಬುದು ನಮ್ಮಲ್ಲಿ ಬರೀ ಇಟ್ಟಿಗೆ ಸಿಮೆಂಟಲ್ಲ, ಜೀವಮಾನದ ಉಳಿತಾಯ. ಆದರೂ ನಾನು ಈ ಮಾಫಿಗೆ ವಿರೋಧಿ. ಯಾಕೆಂದರೆ ಇದು ಮನೆ ಇದ್ದವನಿಗೆ ಕೊಡುವ ಬಹುಮಾನ, ಮನೆ ಇಲ್ಲದವನಿಗೆ ಹಾಕುವ ದಂಡ.

ಮೊದಲು ಹೊರೆ ಎಷ್ಟೆಂದು ನೋಡೋಣ. ಅಹಮದಾಬಾದ್ ಪಾಲಿಕೆ 2001ರಿಂದ ವಿಸ್ತೀರ್ಣದ ಲೆಕ್ಕದಲ್ಲಿ ಕಂದಾಯ ಹಾಕುತ್ತಿದೆ. ಪ್ರತಿ ಮನೆಗೂ ಒಂದು ಟೆನಾಮೆಂಟ್ ನಂಬರು. ಚದರ ಮೀಟರಿಗೆ ಇಷ್ಟು ಎಂಬ ದರ, ಅದಕ್ಕೆ ನಾಲ್ಕು ಗುಣಕ: ಮನೆ ಯಾವ ಬಡಾವಣೆಯಲ್ಲಿದೆ, ಎಂಥ ಕಟ್ಟಡ, ಎಷ್ಟು ಹಳತು, ಮಾಲೀಕನೇ ಇದ್ದಾನೋ ಬಾಡಿಗೆದಾರನೋ. ವಾಸದ ಮನೆಯ ದರ ಬಹಳ ಕಾಲ 16 ರೂಪಾಯಿಯಲ್ಲೇ ನಿಂತಿತ್ತು. 2023-24ರ ಬಜೆಟ್ಟಿನಲ್ಲಿ ಆಯುಕ್ತರು ಅದನ್ನು 23ಕ್ಕೆ ಏರಿಸಲು ಹೊರಟರು, ಗದ್ದಲವಾಯಿತು, ಸ್ಥಾಯಿ ಸಮಿತಿ 20ಕ್ಕೆ ಇಳಿಸಿತು. ಅರವತ್ತು ಚದರ ಮೀಟರಿನ ಮನೆಯೊಂದನ್ನು ತೆಗೆದುಕೊಳ್ಳಿ. ಗುಣಕ ಸೇರಿಸುವ ಮೊದಲಿನ ಲೆಕ್ಕದಲ್ಲಿ 960 ಇದ್ದದ್ದು 1,200 ಆಯಿತು. ವರ್ಷಕ್ಕೆ 240 ಹೆಚ್ಚು, ಅಂದರೆ ತಿಂಗಳಿಗೆ 20 ರೂಪಾಯಿ. ಒಳ್ಳೆಯ ಬಡಾವಣೆಯಾದರೆ ಗುಣಕ ಏರುತ್ತದೆ, ನೀರಿನ ತೆರಿಗೆ, ಶಿಕ್ಷಣ ಉಪಕರ ಬೇರೆ ಸೇರುತ್ತವೆ, ಒಪ್ಪಿದೆ. ಎಲ್ಲ ಕೂಡಿದರೂ ಅಪಾರ್ಟ್‌ಮೆಂಟಿನ ನಿರ್ವಹಣಾ ಸಂಘಕ್ಕೆ ತಿಂಗಳು ತಿಂಗಳು ಕೊಡುವ ಮೊತ್ತದ ಪಕ್ಕ ಇಟ್ಟು ನೋಡಿ. ಲಿಫ್ಟಿಗೂ ಕಾವಲುಗಾರನಿಗೂ ಮರುಮಾತಿಲ್ಲದೆ ಕೊಡುವವರು ಇಡೀ ಊರಿನ ಬೀದಿದೀಪಕ್ಕೆ ಮುಖ ಸಿಂಡರಿಸುತ್ತಾರೆ.

ಆ ನಾಲ್ಕನೇ ಗುಣಕವನ್ನು ಗಮನಿಸಿ. ಮಾಲೀಕ ತಾನೇ ಇದ್ದರೆ ಒಂದು ಲೆಕ್ಕ, ಬಾಡಿಗೆದಾರನಿದ್ದರೆ ಇನ್ನೊಂದು. ಸ್ವಂತ ವಾಸಕ್ಕೆ ರಿಯಾಯಿತಿ ಇಲ್ಲ ಎಂದು ಗೋಳಿಡುವವರಿಗೆ ರಿಯಾಯಿತಿ ಆಗಲೇ ಸಿಗುತ್ತಿದೆ.

ಬೆಂಗಳೂರಿನಲ್ಲಂತೂ ಇದು ಕಣ್ಣಿಗೆ ಹೊಡೆಯುವಷ್ಟು ನೇರ. 2008ರಲ್ಲಿ ಯೂನಿಟ್ ಏರಿಯಾ ಮೌಲ್ಯ ಪದ್ಧತಿ ಬಂದಾಗ ‘ಎ’ ವಲಯದ ಆರ್‌ಸಿಸಿ ಮನೆಗೆ ಬಾಡಿಗೆಯಾದರೆ ತಿಂಗಳಿಗೆ ಚದರಡಿಗೆ 5 ರೂಪಾಯಿ, ಸ್ವಂತ ವಾಸವಾದರೆ 2.50. ಸರಿಯಾಗಿ ಅರ್ಧ. ಸಾವಿರ ಚದರಡಿಯ ಮನೆಗೆ ಹತ್ತು ತಿಂಗಳ ಲೆಕ್ಕ ಹಿಡಿದು ಅದರ ಶೇ 20 ತೆಗೆದರೆ, ಸವಕಳಿ, ಉಪಕರ ಬದಿಗಿಟ್ಟು, ಮಾಲೀಕನಿದ್ದರೆ 5,000, ಬಾಡಿಗೆದಾರನಿದ್ದರೆ 10,000. ಅದೇ ಗೋಡೆ, ಅದೇ ನಲ್ಲಿ, ಅದೇ ಚರಂಡಿ. ಬಾಡಿಗೆ ಮನೆಯಲ್ಲಿರುವವನು ಎರಡು ಪಟ್ಟು ಕಸ ಹಾಕುತ್ತಾನೆಯೇ? ಹೆಚ್ಚಿನ ಐದು ಸಾವಿರವನ್ನು ಕಟ್ಟುವುದು ಮಾಲೀಕ ತಾನೇ ಅನ್ನಬಹುದು. ಹೌದು, ರಸೀದಿ ಅವನ ಹೆಸರಿಗೆ. ದುಡ್ಡು ಮಾತ್ರ ಬಾಡಿಗೆಯ ಒಳಗೆ ಕೂತು ಮೇಲಿನ ಮಹಡಿಯಿಂದ ಇಳಿದುಬರುತ್ತದೆ.

ಇನ್ನೊಂದು ವಿಷಯ, ಇದನ್ನು ಹೇಳದಿದ್ದರೆ ನಾನು ಸುಳ್ಳುಗಾರನಾಗುತ್ತೇನೆ. ನಮ್ಮ ಬೀದಿಯಲ್ಲೊಂದು ಮೂರಂತಸ್ತಿನ ಮನೆಯಿದೆ. ಕೆಳಗೆ ಮಾಲೀಕರು, ಮೇಲೆ ನಾಲ್ಕು ಬಾಡಿಗೆ ಸಂಸಾರ. ಏಪ್ರಿಲ್‌ನಲ್ಲಿ ಶೇ 5 ರಿಯಾಯಿತಿಗಾಗಿ ಆನ್‌ಲೈನ್ ಫಾರಂ ತುಂಬಲು ನನ್ನನ್ನು ಕರೆದಿದ್ದರು. ‘ಸ್ವಂತ ವಾಸ’, ‘ಬಾಡಿಗೆ’ ಎಂಬ ಎರಡು ಆಯ್ಕೆಯ ಮುಂದೆ ಬಾಣ ನಿಂತಿತು. “ಎಲ್ಲ ಸ್ವಂತ ಅಂತಲೇ ಒತ್ತಿಬಿಡಿ, ಹತ್ತು ವರ್ಷದಿಂದ ಹಾಗೇ ನಡೆದಿದೆ” ಅಂದರು. ನಾನು ಒತ್ತಿದೆನೋ ಬಿಟ್ಟೆನೋ ಅದು ಬೇರೆ ಮಾತು. ಕಾಫಿ ಚೆನ್ನಾಗಿತ್ತು. ಸ್ವಯಂ ಘೋಷಣೆಯ ಪದ್ಧತಿಯಲ್ಲಿ ಅರ್ಧ ದರ ಇಟ್ಟರೇ ಹೀಗೆ. ಪೂರ್ತಿ ಮಾಫಿ ಮಾಡಿದರೆ ಊರಿನಲ್ಲಿ ಬಾಡಿಗೆದಾರನೆಂಬ ಪ್ರಾಣಿಯೇ ದಾಖಲೆಯಲ್ಲಿ ಉಳಿಯುವುದಿಲ್ಲ. ಉಪಗ್ರಹ ಚಿತ್ರ ಇಟ್ಟುಕೊಂಡು ಅಂದಾಜು ಮಾಡಿದ 2016-17ರ ಆರ್ಥಿಕ ಸಮೀಕ್ಷೆ, ಬೆಂಗಳೂರು ಮತ್ತು ಜೈಪುರ ತಮಗೆ ಬರಬಹುದಾದ ಆಸ್ತಿ ತೆರಿಗೆಯಲ್ಲಿ ಶೇ 5ರಿಂದ 20ರಷ್ಟನ್ನು ಮಾತ್ರ ವಸೂಲಿ ಮಾಡುತ್ತಿವೆ ಎಂದಿತ್ತು. ಬಾಯ್ತುಂಬ ನಗರ ಅನ್ನುತ್ತೇವೆ, ಜೇಬಿನ ಸ್ಥಿತಿ ಇದು.

ಈ ಬಾಡಿಗೆದಾರ ಯಾರೆಂದು ನೋಡಲು ಸೂರತ್ತಿಗೆ ಹೋಗೋಣ. ಅಲ್ಲಿನ ಪವರ್‌ಲೂಮುಗಳನ್ನು ನಡೆಸುವವರಲ್ಲಿ ಬಹಳ ಮಂದಿ ಒಡಿಶಾದ ಗಂಜಾಂ ಜಿಲ್ಲೆಯವರು. ಮೆಸ್ ಎಂದು ಕರೆಯುವ ಉದ್ದನೆಯ ಕೋಣೆಯಲ್ಲಿ ಹತ್ತಾರು ಜನ ಒತ್ತೊತ್ತಾಗಿ ಮಲಗುತ್ತಾರೆ. ಹಗಲು ಪಾಳಿಯವನು ಕೆಲಸಕ್ಕೆ ಹೋದಾಗ ಅದೇ ಚಾಪೆಯ ಮೇಲೆ ರಾತ್ರಿ ಪಾಳಿಯವನು. ಅವರ ಹೆಸರಿನಲ್ಲಿ ಟೆನಾಮೆಂಟ್ ನಂಬರಿಲ್ಲ. ‘ವಾಸದ ಮನೆಗೆ ಮಾಫಿ’ ಎಂದು ನಾಳೆ ಘೋಷಿಸಿದರೆ ಅದೇ ಊರಿನ ಅಡಾಜಣ ಬಡಾವಣೆಯ ಮೂರು ಬೆಡ್‌ರೂಮಿನ ಮನೆಯ ಮಾಲೀಕನಿಗೆ ಬಿಲ್ಲಿಲ್ಲ; ಮೆಸ್ಸಿನ ಕೋಣೆ ಬಾಡಿಗೆಯದು, ಆದ್ದರಿಂದ ಅದಕ್ಕೆ ಪೂರ್ತಿ ಬಿಲ್ಲು. ಒಂದೇ ಚಾಪೆ ಹಂಚಿಕೊಂಡವನ ಊಟದ ದುಡ್ಡಿನಿಂದ ಬಾಲ್ಕನಿಯವನಿಗೆ ಉಡುಗೊರೆ. 1994ರಲ್ಲಿ ಪ್ಲೇಗ್ ಬಂದಾಗ ಸೂರತ್ ಕಲಿತ ಪಾಠ ಒಂದಿತ್ತು: ಕಸ, ಚರಂಡಿ ಎಲ್ಲರದೂ ಒಂದೇ, ಇಲಿ ಹಕ್ಕುಪತ್ರ ನೋಡಿ ಒಳಗೆ ಬರುವುದಿಲ್ಲ. ಆ ಊರು ಆಮೇಲೆ ಶುಚಿಗೆ ಹೆಸರಾಗಿದ್ದು ಪುಕ್ಕಟೆಯಾಗಿ ಅಲ್ಲ.

ಸರ್ಕಾರ ಕೊಡುತ್ತದಲ್ಲ ಅನ್ನುವ ಭಾವನ ಮಾತಿಗೆ ಬರುತ್ತೇನೆ. ಗುಜರಾತಿನ ಮಹಾನಗರಗಳು ಮೊದಲು ಆಕ್ಟ್ರಾಯ್, ಅಂದರೆ ಊರೊಳಕ್ಕೆ ಬರುವ ಸರಕಿನ ಸುಂಕದ ಮೇಲೆ ಬದುಕಿದ್ದವು. 2007ರ ನವೆಂಬರಿನಲ್ಲಿ ಅದು ರದ್ದಾಯಿತು. ಲಾರಿಗಳು ಊರ ಬಾಗಿಲಲ್ಲಿ ನಿಲ್ಲುವುದು ತಪ್ಪಿತು, ಒಳ್ಳೆಯದೇ. ನಮ್ಮಲ್ಲಿ 1979ರಲ್ಲೇ ಹೋಗಿತ್ತು. ಆದರೆ ಅಂದಿನಿಂದ ಪಾಲಿಕೆ ಪರಿಹಾರದ ಅನುದಾನಕ್ಕಾಗಿ ಗಾಂಧಿನಗರದ ಕಡೆ ಕೈಚಾಚಬೇಕಾಯಿತು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ. ಈಗ ಪಾಲಿಕೆಯ ಕೈಯಲ್ಲಿ ತನ್ನದೇ ಎನ್ನಲು ಉಳಿದ ದೊಡ್ಡ ತೆರಿಗೆ ಆಸ್ತಿ ತೆರಿಗೆ ಒಂದೇ. ಅದನ್ನೂ ಕಿತ್ತುಕೊಂಡರೆ ಮೇಯರ್ ರಿಬ್ಬನ್ ಕತ್ತರಿಸಲು ಮಾತ್ರ. ಅಹಮದಾಬಾದ್ ಪಾಲಿಕೆ 1998ರಲ್ಲಿ ರಾಜ್ಯದ ಖಾತರಿಯಿಲ್ಲದೆ 100 ಕೋಟಿ ರೂಪಾಯಿಯ ಬಾಂಡ್ ತಂದಿತಲ್ಲ, ದೇಶದಲ್ಲೇ ಮೊದಲು. ಅದಕ್ಕೂ ಮುಂಚೆ ಕೆಲವು ವರ್ಷ ಬಾಕಿ ವಸೂಲಿ ಬಿಗಿಮಾಡಿ ದಿವಾಳಿ ಅಂಚಿನಿಂದ ಎದ್ದುಬಂದಿದ್ದಕ್ಕೇ ಜನ ನಂಬಿ ಸಾಲ ಕೊಟ್ಟರು.

ಮಾಫಿಯ ಪರವಾಗಿ ಮುಂಬೈಯನ್ನು ತೋರಿಸುತ್ತಾರೆ. 2022ರ ಜನವರಿ 1ರಿಂದ ಅಲ್ಲಿ 500 ಚದರಡಿವರೆಗಿನ ಮನೆಗಳಿಗೆ ಆಸ್ತಿ ತೆರಿಗೆ ಇಲ್ಲ, ಸುಮಾರು 16 ಲಕ್ಷ ಮನೆಗಳು. ಅಲ್ಲಿ ಅಳತೆಗೋಲು ಮನೆಯ ಗಾತ್ರ, ಒಳಗೆ ಮಾಲೀಕನಿದ್ದಾನೋ ಬಾಡಿಗೆದಾರನೋ ಎಂಬುದಲ್ಲ ಅನ್ನುವುದನ್ನು ಮಾತ್ರ ಹೇಳುವುದಿಲ್ಲ. ಬಡವರಿಗೆ ಕೊಡಬೇಕೆಂದಿದ್ದರೆ ಹಾಗೆ ಕೊಡಿ: ಸಣ್ಣ ಮನೆಗೆ, ಚಾಳಿಗೆ, ಕೊಳೆಗೇರಿಗೆ. ಅದಕ್ಕೆ ನನ್ನ ತಕರಾರಿಲ್ಲ. ಅಮೆರಿಕದ ಟೆಕ್ಸಸ್‌ನಲ್ಲಿರುವ ನಮ್ಮವರು ‘ಹೋಮ್‌ಸ್ಟೆಡ್’ ವಿನಾಯಿತಿಯ ಗುಣಗಾನ ಮಾಡುತ್ತಾರೆ. 2023ರಲ್ಲಿ ಅದು 40,000 ಡಾಲರಿನಿಂದ ಒಂದು ಲಕ್ಷಕ್ಕೆ ಏರಿತು. ಅಲ್ಲೂ ಬಾಡಿಗೆದಾರನಿಗೆ ಸೊನ್ನೆ.

ನಮ್ಮ ಕಾನೂನುಗಳೂ ‘ಸ್ವಂತ ವಾಸ’ ಎಂಬ ಮಾತನ್ನು ಎಳೆದ ಹಾಗೆ ಎಳೆಯಬಹುದು. 2019ರ ಬಜೆಟ್ಟಿನಿಂದ ಆದಾಯ ತೆರಿಗೆಯಲ್ಲಿ ಒಬ್ಬನಿಗೆ ಎರಡು ‘ಸ್ವಂತ ವಾಸದ’ ಮನೆ ಇರಬಹುದು. ಒಬ್ಬನೇ ಮನುಷ್ಯ ಎರಡು ಮನೆಯಲ್ಲಿ ಹೇಗೆ ಮಲಗುತ್ತಾನೋ ವಿತ್ತ ಸಚಿವಾಲಯಕ್ಕೇ ಗೊತ್ತು.

ತೆರಿಗೆಯೇ ಇಲ್ಲವೆಂದರೂ ಪಾಲಿಕೆಯ ಸೇವೆಗೆ ಬೆಲೆ ಕೊಡಲೇಬೇಕೇ? ಗುಜರಾತಿನಿಂದಲೇ ಉತ್ತರವಿದೆ. ಸಂವಿಧಾನದ 285ನೇ ವಿಧಿಯ ಪ್ರಕಾರ ಕೇಂದ್ರ ಸರ್ಕಾರದ ಆಸ್ತಿಗೆ ಪಾಲಿಕೆ ತೆರಿಗೆ ಹಾಕುವಂತಿಲ್ಲ. ರಾಜಕೋಟ್ ಪಾಲಿಕೆ ಈ ಜಗಳವನ್ನು ಸುಪ್ರೀಂ ಕೋರ್ಟಿನವರೆಗೆ ಒಯ್ದಿತು. 2009ರ ನವೆಂಬರಿನಲ್ಲಿ ಬಂದ ಆದೇಶ ಏನು? ತೆರಿಗೆ ಬೇಡ, ಆದರೆ ಪಾಲಿಕೆಯ ಸೌಕರ್ಯ ಪಡೆಯುವುದಕ್ಕೆ ತಕ್ಕಂತೆ ತೆರಿಗೆಯ ಶೇ 75, 50 ಅಥವಾ 33.33ರಷ್ಟು ಸೇವಾ ಶುಲ್ಕ ಕಟ್ಟಬೇಕು. ಭಾರತ ಸರ್ಕಾರಕ್ಕೇ ಬಿಡದ ಋಣ ಭಾವನಿಗೆ ಬಿಡುತ್ತದೆಯೇ?

ಗುಜರಾತಿನ ತೆರಿಗೆ ಮಾತು ಬಂದರೆ ಬಾರ್ಡೋಲಿ ನೆನಪಿಸದೆ ಬಿಡುವುದಿಲ್ಲ ಜನ. 1928ರಲ್ಲಿ ಸೂರತ್ ಜಿಲ್ಲೆಯ ಆ ತಾಲ್ಲೂಕಿನ ರೈತರು ಕಂದಾಯ ನಿಲ್ಲಿಸಿದ್ದು ನಿಜ. ಅವರು ಕೇಳಿದ್ದು ಮಾಫಿಯಲ್ಲ, ಶೇ 22ರ ಏರಿಕೆಯ ಬಗ್ಗೆ ನ್ಯಾಯವಾದ ತನಿಖೆ. ತನಿಖೆ ಆಯಿತು, ಏರಿಕೆ ಶೇ 6ರ ಸುಮಾರಿಗೆ ಇಳಿಯಿತು, ಕಟ್ಟಿದರು. ಆ ಹೋರಾಟ ನಡೆಸಿದ ವಲ್ಲಭಭಾಯಿ ಪಟೇಲರೇ 1924ರಿಂದ 1928ರವರೆಗೆ ಅಹಮದಾಬಾದ್ ಪುರಸಭೆಯ ಅಧ್ಯಕ್ಷರಾಗಿದ್ದರು. ನಮ್ಮ ಅಂಕೋಲಾ, ಸಿದ್ದಾಪುರದವರು ಹೊಲಮನೆ ಕಳೆದುಕೊಂಡು ಕರ ನಿರಾಕರಿಸಿದ್ದು ಪರಕೀಯರ ಸರ್ಕಾರಕ್ಕೆ, ತಮ್ಮದೇ ಊರ ಚರಂಡಿಗಲ್ಲ.

ಭಾವನ ಮಾತಿನಲ್ಲಿ ಒಂದು ಸತ್ಯವಿದೆ, ಅದನ್ನು ಮುಚ್ಚಿಡಬಾರದು. ನಿವೃತ್ತರ ಕೈಯಲ್ಲಿ ಮನೆಯಿದೆ, ನಗದಿಲ್ಲ. ಸುತ್ತ ಬೆಲೆ ಏರಿದ್ದು ಅವರ ತಪ್ಪಲ್ಲ. ಅಂಥವರಿಗೆ ಮಾಫಿಗಿಂತ ಮುಂದೂಡಿಕೆ ಸರಿ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ 55 ದಾಟಿದವರು ಮನೆ ಮಾರುವವರೆಗೆ ಆಸ್ತಿ ತೆರಿಗೆಯನ್ನು ಮುಂದೂಡಬಹುದು. ಬಾಕಿ ಮನೆಯ ಮೇಲೆ ಬಡ್ಡಿಯೊಂದಿಗೆ ಕೂತಿರುತ್ತದೆ. ಇದನ್ನು ವಡೋದರಾದಲ್ಲೂ ಬೆಂಗಳೂರಿನಲ್ಲೂ ನಾಳೆಯೇ ತರಬಹುದು. ಆಸ್ತಿ ಕೈಗೆ ಬಂದ ಮಗ ಕಟ್ಟಲಿ.

ಬೆಂಗಳೂರು 2025ರ ಸೆಪ್ಟೆಂಬರಿನಿಂದ ಐದು ಪಾಲಿಕೆಯಾಗಿದೆ. ಹೊಸ ಪಾಲಿಕೆಗಳು ಹೊಸ ದರ ಬರೆಯುವ ದಿನ ಬಂದಾಗ ಮೊದಲ ಕೆಲಸ ‘ಸ್ವಂತ’, ‘ಬಾಡಿಗೆ’ ಎಂಬ ಭೇದವನ್ನು ತೆಗೆದು ಸಣ್ಣದು, ದೊಡ್ಡದು ಎಂಬುದನ್ನು ಮಾತ್ರ ನೋಡುವುದಾಗಲಿ. ಅಲ್ಲಿಯವರೆಗೆ, ಸ್ವಂತ ಮನೆಯವರೇ, ಬರುವ ಏಪ್ರಿಲ್‌ನಲ್ಲಿ ಫಾರಂ ತುಂಬುವಾಗ ಮೇಲಿನ ಮಹಡಿಯಲ್ಲಿ ಯಾರಿದ್ದಾರೆ ಎಂಬುದನ್ನು ನಿಜ ಬರೆಯಿರಿ, ಹೆಚ್ಚಾದ ದುಡ್ಡನ್ನು ಅವರ ಬಾಡಿಗೆಗೆ ಸೇರಿಸಬೇಡಿ.